ಅಮ್ಮನ ಡಿಗ್ರಿಗೆ ಎಷ್ಟು ತೂಕ? ಇಬ್ಬರು ಮಕ್ಕಳ ಕಾಲೇಜು ಅರ್ಜಿಯಲ್ಲಿ ನಾನು ಕಂಡದ್ದು

2021ರ ಅಕ್ಟೋಬರ್ ಕೊನೆಯ ವಾರ. ರಾತ್ರಿ ಊಟ ಮುಗಿಸಿ ತಟ್ಟೆ ಎತ್ತಿದ ಮೇಲೆ ಮಗಳು ಲ್ಯಾಪ್‌ಟಾಪ್ ತಂದು ಅಡುಗೆಮನೆಯ ಟೇಬಲ್ ಮೇಲೆ ಇಟ್ಟಳು. ಕಾಮನ್ ಆಪ್ ತೆರೆದಿತ್ತು. ಇಲ್ಲಿ ಅಮೆರಿಕದಲ್ಲಿ ಬಹಳಷ್ಟು ಕಾಲೇಜುಗಳಿಗೆ ಅರ್ಜಿ ಹಾಕುವುದು ಅದರಲ್ಲೇ. ಅದರೊಳಗೆ 'ಫ್ಯಾಮಿಲಿ' ಅಂತ ಒಂದು ಭಾಗ ಇದೆ. ಅಪ್ಪ ಅಮ್ಮ ಏನು ಕೆಲಸ ಮಾಡುತ್ತಾರೆ, ಎಲ್ಲಿ ಓದಿದರು, ಯಾವ ಡಿಗ್ರಿ, ಯಾವ ವರ್ಷ, ಎಲ್ಲ ಬರೆಯಬೇಕು. ನಾನು ಬಿ.ಇ. ಮಾಡಿದ ದಾವಣಗೆರೆಯ ಕಾಲೇಜನ್ನು ಅವಳು ಪಟ್ಟಿಯಲ್ಲಿ ಹುಡುಕಿ, ಸಿಗದೆ, ಒಂದೊಂದೇ ಅಕ್ಷರ ಟೈಪ್ ಮಾಡಿದಳು. ಆಮೇಲೆ ನಾನು 2001ರಲ್ಲಿ ಎಂ.ಎಸ್. ಮುಗಿಸಿದ ಯೂನಿವರ್ಸಿಟಿಯ ಸರದಿ. ಮೂರು ಅಕ್ಷರ ಒತ್ತುವಷ್ಟರಲ್ಲಿ ಪೂರ್ತಿ ಹೆಸರು ತಾನಾಗಿ ಬಂದು ಕೂತಿತು.

"ಅಮ್ಮ, ಇದು ನಂಗೆ ಪ್ಲಸ್ ಅಲ್ವಾ?" ಅಂದಳು.

"ಹೂಂ, ಇದ್ದೇ ಇರುತ್ತೆ" ಅಂದೆ.

ಯಾರನ್ನೂ ವಿಚಾರಿಸದೆ ಆಡಿದ ಮಾತು ಅದು. ಅದರ ಮೇಲೆಯೇ ನಾವು ಅವಳ ಇಡೀ ಲೆಕ್ಕಾಚಾರ ಕಟ್ಟಿದೆವು.

ತಂದೆಯೋ ತಾಯಿಯೋ ಓದಿದ ಕಾಲೇಜಿಗೆ ಮಕ್ಕಳು ಅರ್ಜಿ ಹಾಕಿದರೆ ಅವರಿಗೆ ಇಲ್ಲಿ 'ಲೆಗಸಿ' ಅನ್ನುತ್ತಾರೆ. ಇದು ಶುರುವಾದದ್ದು 1920ರ ದಶಕದಲ್ಲಿ. ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆ ಅಂಕ ತೆಗೆದು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗೆ ಹೆಚ್ಚು ಹೆಚ್ಚಾಗಿ ಬರತೊಡಗಿದಾಗ, ಅಂಕ ಒಂದನ್ನೇ ನೋಡಿದರೆ ಅವರನ್ನು ತಡೆಯಲಾಗುವುದಿಲ್ಲ ಅಂತ ಆ ಕಾಲೇಜುಗಳಿಗೆ ಅನ್ನಿಸಿತು. ಆಗ ನಡತೆ, ಮನೆತನ, ಫೋಟೋ, ಸಂದರ್ಶನ ಎಲ್ಲವೂ ಅರ್ಜಿಯೊಳಗೆ ಬಂದವು. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಮೊದಲ ಮಣೆ ಹಾಕುವ ರೂಢಿಯೂ ಜೊತೆಗೇ ಬಂತು. ವಲಸೆ ಬಂದವರ ಮಕ್ಕಳನ್ನು ಹೊರಗಿಡಲು ಹುಟ್ಟಿದ್ದು ಅದು. ವಲಸೆ ಬಂದ ನಾನು ಅದನ್ನೇ ನಂಬಿಕೊಂಡು ನನ್ನ ಮಗಳನ್ನು ಒಳಗೆ ಕಳಿಸಲು ಹೊರಟಿದ್ದೆ. ಈ ಚರಿತ್ರೆ ನನಗೆ ಆಗ ಗೊತ್ತಿರಲಿಲ್ಲ.

ಲೆಗಸಿಗೆ ತೂಕವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಏಷ್ಯನ್ ಮೂಲದವರಿಗೆ ಪ್ರವೇಶದಲ್ಲಿ ತಾರತಮ್ಯವಾಗುತ್ತಿದೆ ಅಂತ ಹಾರ್ವರ್ಡ್ ಮೇಲೆ ಹೂಡಿದ್ದ ಕೇಸು 2018ರಲ್ಲಿ ಬೋಸ್ಟನ್ ಕೋರ್ಟಿನಲ್ಲಿ ವಿಚಾರಣೆಗೆ ಬಂದಾಗ, ಅಲ್ಲಿಯವರೆಗೆ ಬೀರುವಿನೊಳಗಿದ್ದ ಅಂಕಿಗಳು ಹೊರಗೆ ಬಂದವು. ಆರು ವರ್ಷದ ಅರ್ಜಿಗಳಲ್ಲಿ ಲೆಗಸಿ ಮಕ್ಕಳಿಗೆ ನೂರಕ್ಕೆ ಸುಮಾರು 34 ಮಂದಿಗೆ ಸೀಟು. ಲೆಗಸಿ ಇಲ್ಲದವರಲ್ಲಿ ನೂರಕ್ಕೆ 6. ಓದಿದವರ ಮನೆಯ ಮಕ್ಕಳ ಅಂಕವೂ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಆದ್ದರಿಂದ ಅಷ್ಟೂ ಅಂತರ ಲೆಗಸಿಯದ್ದೇ ಅನ್ನುವಂತಿಲ್ಲ. ಆದರೂ ಅಲ್ಲಿ ಸೀಟು ಸಿಕ್ಕ ಬಿಳಿಯ ವಿದ್ಯಾರ್ಥಿಗಳಲ್ಲಿ ನೂರಕ್ಕೆ 43 ಮಂದಿ ಕ್ರೀಡಾಪಟುಗಳು, ಲೆಗಸಿಗಳು, ಡೀನ್ ಪಟ್ಟಿಯಲ್ಲಿದ್ದವರು (ದೊಡ್ಡ ದಾನಿಗಳ ಕಡೆಯವರಂಥವರು) ಅಥವಾ ಅಧ್ಯಾಪಕರು, ಸಿಬ್ಬಂದಿಯ ಮಕ್ಕಳು. ಏಷ್ಯನ್ ಮೂಲದವರಲ್ಲಿ ಈ ಪ್ರಮಾಣ ನೂರಕ್ಕೆ 16ಕ್ಕಿಂತ ಕಮ್ಮಿ. 2023ರಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಅವರ ಜೊತೆಗಾರರು ಇಂಥ 12 ಕಾಲೇಜುಗಳ ಲೆಕ್ಕ ತೆಗೆದು ತೋರಿಸಿದ್ದೂ ಇದನ್ನೇ. ಪರೀಕ್ಷೆಯ ಅಂಕ ಒಂದೇ ಇದ್ದರೂ ಅತಿ ಶ್ರೀಮಂತ ಶೇಕಡ 1 ಕುಟುಂಬಗಳ ಮಕ್ಕಳು ಅಲ್ಲಿಗೆ ಸೇರುವ ಸಾಧ್ಯತೆ ಮಧ್ಯಮ ವರ್ಗದವರ ಎರಡರಷ್ಟಕ್ಕಿಂತ ಹೆಚ್ಚು. ಅದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಲೆಗಸಿ ಒಂದು.

ತೂಕ ಇದೆ, ಆದರೆ ಯಾರಿಗೆ? ಆ ಪ್ರಶ್ನೆಯನ್ನೇ ನಾನು ಕೇಳಿಕೊಂಡಿರಲಿಲ್ಲ.

ಮಗಳಿಗೆ ನಿಜವಾಗಿ ಇಷ್ಟವಿದ್ದದ್ದು ಬೇರೊಂದು ಸಣ್ಣ ಕಾಲೇಜು. ಬೇಸಿಗೆಯಲ್ಲಿ ಅಲ್ಲಿಗೆ ಹೋಗಿ, ಭಾಷಾಶಾಸ್ತ್ರದ ಒಂದು ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಬಂದಿದ್ದಳು. ಕಾರಿನಲ್ಲಿ ಮನೆ ಸೇರುವವರೆಗೂ ಅದೇ ಮಾತು. ಆದರೆ 'ಅರ್ಲಿ ಡಿಸಿಷನ್' ಅನ್ನುವುದು ಒಂದೇ ಒಂದು ಕಾಲೇಜಿಗೆ. ನವೆಂಬರ್ 1ರ ಹೊತ್ತಿಗೆ ಹಾಕಬೇಕು, ಸಿಕ್ಕರೆ ಸೇರಲೇಬೇಕು. ಎಷ್ಟೋ ಕಾಲೇಜುಗಳು ಅರ್ಧದಷ್ಟು ಸೀಟು ಅಲ್ಲಿಯೇ ತುಂಬಿಸಿಬಿಡುತ್ತವೆ. ಕೈಯಲ್ಲಿದ್ದ ಆ ಒಂದೇ ಅವಕಾಶವನ್ನು ನನ್ನ ಯೂನಿವರ್ಸಿಟಿಗೆ ಹಾಕಿಸಿದೆ. "ನನ್ನ ಡಿಗ್ರಿ ಇರೋ ಕಡೆ ಬಿಟ್ಟು ಬೇರೆ ಕಡೆ ಯಾಕೆ" ಅಂದೆ. ಅವಳು ಹುಟ್ಟಿದ ವರ್ಷದಿಂದ ಪ್ರತಿ ಡಿಸೆಂಬರ್‌ನಲ್ಲಿ ಆ ಯೂನಿವರ್ಸಿಟಿಗೆ 100 ಡಾಲರ್ ಕಳಿಸುತ್ತ ಬಂದಿದ್ದೆ. ಅದೂ ಎಲ್ಲೋ ಲೆಕ್ಕಕ್ಕೆ ಬರುತ್ತದೆ ಅಂದುಕೊಂಡಿದ್ದೆ.

ಡಿಸೆಂಬರ್ ಮಧ್ಯದಲ್ಲಿ ಉತ್ತರ ಬಂತು: ಡಿಫರ್. ಅಂದರೆ ಆಗಲೂ ಇಲ್ಲ, ಆಗಲಿಲ್ಲ ಅಂತಲೂ ಅಲ್ಲ, ಮಾರ್ಚ್‌ನಲ್ಲಿ ಮತ್ತೆ ನೋಡುತ್ತೇವೆ ಅಂತ. ಮಾರ್ಚ್ ಕೊನೆಗೆ 'ಇಲ್ಲ' ಅಂತಲೇ ಬಂತು. ಅವಳಿಗೆ ಇಷ್ಟವಿದ್ದ ಆ ಸಣ್ಣ ಕಾಲೇಜಿನವರು ವೇಟ್‌ಲಿಸ್ಟ್‌ನಲ್ಲಿ ಇಟ್ಟರು. ಆ ಪಟ್ಟಿ ಕದಲಲೇ ಇಲ್ಲ. ಆ 'ಇಲ್ಲ' ಬಂದ ರಾತ್ರಿ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ಹೋಗಿ ಕೂತೆ. ಸಿಟ್ಟಿನಿಂದಲ್ಲ, ತುಂಬಾ ಮೆಲ್ಲಗೆ ಹೇಳಿದಳು: "ನಾನು ಅಲ್ಲಿಗೆ ಹಾಕಿದ್ದು ನಿನಗೋಸ್ಕರ ಅಮ್ಮ."

ಮುಂದಿನ ವಾರ ನಾನು ಅಡ್ಮಿಷನ್ ಆಫೀಸಿಗೆ ಫೋನ್ ಮಾಡಿದೆ. ಇಂಡಿಯನ್ ಗ್ರೋಸರಿ ಅಂಗಡಿಯ ಪಾರ್ಕಿಂಗ್‌ನಲ್ಲಿ, ಪಕ್ಕದ ಸೀಟಿನಲ್ಲಿ ಅಕ್ಕಿ ಮೂಟೆ ಇಟ್ಟುಕೊಂಡು. ಮಗಳ ವಿಷಯ ಎತ್ತಲಿಲ್ಲ. ಮಾಸ್ಟರ್ಸ್ ಮಾಡಿದವರ ಮಕ್ಕಳನ್ನು ಲೆಗಸಿ ಅಂತ ಎಣಿಸುತ್ತೀರಾ ಅಂತಷ್ಟೇ ಕೇಳಿದೆ. ಫೋನ್ ಎತ್ತಿದ ಹೆಣ್ಣುಮಗಳು ಬಹಳ ಮರ್ಯಾದೆಯಿಂದಲೇ ಉತ್ತರ ಕೊಟ್ಟಳು: ಅಂಡರ್‌ಗ್ರಾಜುಯೇಟ್ ಡಿಗ್ರಿ, ಅಂದರೆ ನಮ್ಮ ಬಿ.ಇ. ಥರದ ಮೊದಲ ಡಿಗ್ರಿ, ಇಲ್ಲಿ ಮಾಡಿದ್ದರೆ ಮಾತ್ರ, ಎಂ.ಎಸ್. ಥರದ ಗ್ರಾಜುಯೇಟ್ ಸ್ಕೂಲ್ ಲೆಕ್ಕಕ್ಕಿಲ್ಲ. ಎರಡು ನಿಮಿಷದ ಕರೆ. ಅಕ್ಟೋಬರ್‌ನಲ್ಲೇ ಮಾಡಬಹುದಿತ್ತು.

ನಮ್ಮವರಿಗೆ ಈ ಮಾತನ್ನು ಒತ್ತಿ ಹೇಳಬೇಕು. ನಮ್ಮಲ್ಲಿ ಬಹಳ ಜನ ಬಿ.ಇ. ಅಥವಾ ಎಂ.ಬಿ.ಬಿ.ಎಸ್. ಊರಲ್ಲಿ ಮುಗಿಸಿ ಇಲ್ಲಿಗೆ ಬಂದವರು. ನಮಗಿರುವುದು ಎಂ.ಎಸ್., ಪಿಎಚ್.ಡಿ., ಎಂ.ಬಿ.ಎ. ಕೆಲವು ಕಾಲೇಜು ಅದನ್ನು ಎಣಿಸುತ್ತವೆ, ಕೆಲವು ಎಣಿಸುವುದಿಲ್ಲ. ಅಣ್ಣನೋ ಅಕ್ಕನೋ ಅಲ್ಲಿ ಓದುತ್ತಿದ್ದರೆ ಅದಕ್ಕೂ ಒಂದೊಂದು ಕಡೆ ಒಂದೊಂದು ನಿಯಮ. ಊಹೆ ಮಾಡಬೇಡಿ, ಫೋನ್ ಮಾಡಿ ಕೇಳಿ. ಇನ್ನು ವರ್ಷಕ್ಕೆ 100 ಡಾಲರ್ ಕೊಡುವುದು ಒಳ್ಳೆಯ ಕೆಲಸವೇ, ಆದರೆ ಸೀಟಿನ ಆಸೆಯಿಂದ ಕೊಡಬೇಡಿ. ಡೀನ್ ಪಟ್ಟಿಗೆ ಹೋಗುವ ದೇಣಿಗೆಯ ಮೊತ್ತವೇ ಬೇರೆ, ಅದು ನಮ್ಮಂಥವರ ಕೈಗೆ ಎಟುಕುವಂಥದ್ದಲ್ಲ.

ಮೂರು ವರ್ಷ ಬಿಟ್ಟು, 2024ರಲ್ಲಿ, ಮಗನ ಸರದಿ. ಈ ಸಲ ಆಗಸ್ಟ್‌ನಲ್ಲೇ ಕೂತೆವು. ಇಲ್ಲಿಯ ಕಾಲೇಜುಗಳು ಪ್ರತಿ ವರ್ಷ 'ಕಾಮನ್ ಡೇಟಾ ಸೆಟ್' ಅಂತ ಒಂದು ಕಡತ ಹೊರತರುತ್ತವೆ. ಕಾಲೇಜಿನ ಹೆಸರಿನ ಜೊತೆ ಆ ಮೂರು ಪದ ಹಾಕಿ ಹುಡುಕಿದರೆ ಬಹುಪಾಲು ಸಿಗುತ್ತದೆ. ಅದರಲ್ಲಿ ಸಿ7 ಅನ್ನುವ ಕೋಷ್ಟಕ. ಅಂಕ, ಪ್ರಬಂಧ, ಶಿಫಾರಸು ಪತ್ರ, ಆಟ, ಸೇವೆ, ಒಂದೊಂದಕ್ಕೂ ಒಂದೊಂದು ಸಾಲು. ಪ್ರತಿ ಸಾಲಿನ ಮುಂದೆ ನಾಲ್ಕು ಮನೆ: ಬಹಳ ಮುಖ್ಯ, ಮುಖ್ಯ, ಪರಿಗಣಿಸುತ್ತೇವೆ, ಪರಿಗಣಿಸುವುದಿಲ್ಲ. ಹಳೆಯ ವಿದ್ಯಾರ್ಥಿಗಳ ಸಂಬಂಧ ಅನ್ನುವುದಕ್ಕೂ ಒಂದು ಸಾಲಿದೆ. ಮಗ 11 ಕಾಲೇಜುಗಳ ಆ ಪುಟ ಪ್ರಿಂಟ್ ಹಾಕಿ, ಆ ಸಾಲಿಗೆ ಹಳದಿ ಪೆನ್ನಲ್ಲಿ ಗೆರೆ ಎಳೆದು ನೆಲದ ಮೇಲೆ ಹರಡಿದ. ಎಂಐಟಿ ಪರಿಗಣಿಸುವುದಿಲ್ಲ. ಕ್ಯಾಲ್‌ಟೆಕ್ ಇಲ್ಲ. ಜಾನ್ಸ್ ಹಾಪ್ಕಿನ್ಸ್ ಇಲ್ಲ. ಆ್ಯಮ್ಹರ್ಸ್ಟ್ 2021ರಲ್ಲಿ ಕೈಬಿಟ್ಟಿದೆ. ಉಳಿದವುಗಳಲ್ಲಿ ಬಹಳಷ್ಟು 'ಪರಿಗಣಿಸುತ್ತೇವೆ'.

ಹಾಪ್ಕಿನ್ಸ್ ವಿಷಯ ನನ್ನ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು. ಅವರು 2014ರಲ್ಲಿ ಸದ್ದಿಲ್ಲದೆ ಲೆಗಸಿ ನಿಲ್ಲಿಸಿ, 2020ರಲ್ಲಿ ಊರಿಗೆಲ್ಲ ಹೇಳಿದರು. 2009ರಲ್ಲಿ ಹೊಸದಾಗಿ ಸೇರಿದವರಲ್ಲಿ ಲೆಗಸಿಗಳು ಶೇಕಡ 12.5. ಹತ್ತು ವರ್ಷದ ಮೇಲೆ ಶೇಕಡ 3.5. ಅದೇ ಅವಧಿಯಲ್ಲಿ, ಕಡಿಮೆ ಆದಾಯದವರಿಗೆ ಕೇಂದ್ರ ಸರ್ಕಾರ ಕೊಡುವ ಪೆಲ್ ಅನುದಾನಕ್ಕೆ ಅರ್ಹರಾದವರು ಶೇಕಡ 9ರಿಂದ 19ಕ್ಕೆ ಏರಿದರು. ದೇಣಿಗೆ ನಿಂತುಹೋಗುತ್ತದೆ ಅನ್ನುವ ಹೆದರಿಕೆಯೂ ನಿಜವಾಗಲಿಲ್ಲ. ಅಲ್ಲಿಯೇ ಓದಿದ ಮೈಕೆಲ್ ಬ್ಲೂಮ್‌ಬರ್ಗ್ 2018ರಲ್ಲಿ 180 ಕೋಟಿ ಡಾಲರ್ ಕೊಟ್ಟದ್ದು ಬಡ ಮಕ್ಕಳ ಆರ್ಥಿಕ ನೆರವಿಗೆ.

ಮಗ ತನಗೆ ಇಷ್ಟ ಬಂದ ಕಡೆಗೇ ಅರ್ಲಿ ಹಾಕಿದ. ಅಲ್ಲಿ ಸಿಗಲಿಲ್ಲ. ಎರಡು ದಿನ ಮಂಕಾಗಿದ್ದ. ಆಮೇಲೆ ಉಳಿದ ಪ್ರಬಂಧಗಳನ್ನು ಬರೆಯಲು ಕೂತ. ಏಪ್ರಿಲ್ ಹೊತ್ತಿಗೆ ಅವನ ಕೈಯಲ್ಲಿ ಮೂರು ಕಡೆಯ ಸೀಟಿತ್ತು. ಅದರಲ್ಲೊಂದನ್ನು ತಾನೇ ಆರಿಸಿಕೊಂಡ.

ಈ ನಡುವೆ ಕಾನೂನೂ ಬದಲಾಗುತ್ತಿತ್ತು. 2023ರ ಜೂನ್ 29ರಂದು ಇಲ್ಲಿಯ ಸುಪ್ರೀಂ ಕೋರ್ಟ್ ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನು ನಿಲ್ಲಿಸಿತು. ಹಾಗಾದರೆ ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಮಾತ್ರ ಯಾಕೆ ಅನ್ನುವ ಪ್ರಶ್ನೆ ಎಲ್ಲ ಕಡೆ ಎದ್ದಿತು. ಕೊಲೊರಾಡೊ 2021ರಲ್ಲೇ ತನ್ನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಇದನ್ನು ನಿಷೇಧಿಸಿತ್ತು. 2024ರಲ್ಲಿ ವರ್ಜೀನಿಯಾ, ಮೇರಿಲ್ಯಾಂಡ್, ಇಲಿನಾಯ್, ಕ್ಯಾಲಿಫೋರ್ನಿಯಾ ಸೇರಿದವು. ಮೇರಿಲ್ಯಾಂಡ್, ಕ್ಯಾಲಿಫೋರ್ನಿಯಾಗಳದ್ದು ಖಾಸಗಿ ಕಾಲೇಜುಗಳಿಗೂ ಅನ್ವಯ.

ಕನ್ನಡ ಕೂಟದ ಯುಗಾದಿ ಊಟದಲ್ಲಿ ಇದೇ ವಿಷಯ ಬಂತು. ಎದುರಿಗೆ ಕೂತಿದ್ದ ಒಬ್ಬರು ಬೇಸರದಿಂದ ಹೇಳಿದರು: "ಅಕ್ಕಾ, ನೂರು ವರ್ಷ ಅವರು ಅನುಭವಿಸಿದರು. ನಮ್ಮ ಮಕ್ಕಳು ಈಗ ಅಲ್ಲೇ ಡಿಗ್ರಿ ಮಾಡ್ತಾ ಇದಾರೆ. ನಮ್ಮ ಮೊಮ್ಮಕ್ಕಳ ಸರದಿ ಬರೋ ಹೊತ್ತಿಗೆ ಬಾಗಿಲು ಮುಚ್ತಾರೆ ಅಂದ್ರೆ ಇದ್ಯಾವ ನ್ಯಾಯ?" ಆ ನೋವು ಸುಳ್ಳಲ್ಲ. ನನಗೂ ಒಂದು ಕ್ಷಣ ಹೌದಲ್ಲ ಅನ್ನಿಸಿತು.

ಆದರೆ ನಾನು ಬಂದ ದಾರಿ ನನಗೆ ನೆನಪಿದೆ. ನಮ್ಮಪ್ಪ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಗುಮಾಸ್ತರು. ನಮ್ಮ ಮನೆಯಲ್ಲಿ ಇಂಜಿನಿಯರಿಂಗ್ ಅಂದರೆ 'ಡೊನೇಷನ್ ಎಷ್ಟಂತೆ' ಅನ್ನುವ ಮಾತಿನಲ್ಲೇ ಮುಗಿಯುತ್ತಿತ್ತು. 1992ರಲ್ಲಿ ನಮ್ಮ ರಾಜ್ಯದಿಂದಲೇ ಹೋದ ಮೋಹಿನಿ ಜೈನ್ ಕೇಸಿನಲ್ಲಿ ಭಾರತದ ಸುಪ್ರೀಂ ಕೋರ್ಟ್ ಕ್ಯಾಪಿಟೇಷನ್ ಶುಲ್ಕ, ಅಂದರೆ ಆ ಡೊನೇಷನ್, ತಪ್ಪು ಅಂದಿತು. ಮರುವರ್ಷ, ಖಾಸಗಿ ಕಾಲೇಜುಗಳಲ್ಲೂ ಅಂಕ ನೋಡಿ ಫ್ರೀ ಸೀಟು ಕೊಡಬೇಕು ಅನ್ನುವ ಉನ್ನಿಕೃಷ್ಣನ್ ತೀರ್ಪು ಬಂತು, 1994ರಿಂದ ಸಿಇಟಿ. ನಾನು ಬರೆದದ್ದು 1995ರಲ್ಲಿ. ಕೌನ್ಸೆಲಿಂಗ್‌ಗೆ ಅಪ್ಪ ನಾನು ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋದೆವು. ಫ್ರೀ ಸೀಟು ಸಿಕ್ಕಿತು ಅಂತ ಗೊತ್ತಾದಾಗ ಅಪ್ಪ ಒಂದು ಮಾತೂ ಆಡಲಿಲ್ಲ. ಅಲಾಟ್‌ಮೆಂಟ್ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು, ದಾವಣಗೆರೆ ಬರುವವರೆಗೂ ಅದರ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು. ಅವರು ಯಾರು, ಎಲ್ಲಿ ಓದಿದವರು ಅಂತ ಅಲ್ಲಿ ಯಾರೂ ಕೇಳಿರಲಿಲ್ಲ.

ಅದನ್ನೇ ಆ ಊಟದ ಪಂಕ್ತಿಯಲ್ಲಿ ಹೇಳಿದೆ. ಅವರು ಒಪ್ಪಲಿಲ್ಲ. ಒಬ್ಬಟ್ಟು ಬಡಿಸಲು ಬಂದರು, ಮಾತು ಅಲ್ಲಿಗೆ ನಿಂತಿತು.

ಕಳೆದ ಡಿಸೆಂಬರ್‌ನಲ್ಲೂ ನನ್ನ ಯೂನಿವರ್ಸಿಟಿಗೆ 100 ಡಾಲರ್ ಕಳಿಸಿದೆ, ಆರ್ಥಿಕ ನೆರವಿನ ನಿಧಿಗೇ ಹೋಗಲಿ ಅಂತ ಗುರುತು ಮಾಡಿ. ಜೊತೆಗೆ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಒಂದು ಪತ್ರ ಬರೆದೆ. ಅಂಡರ್‌ಗ್ರಾಜುಯೇಟ್ ಆಗಲಿ, ಗ್ರಾಜುಯೇಟ್ ಆಗಲಿ, ನಮ್ಮ ಮಕ್ಕಳು ಅಂತ ಯಾರಿಗೂ ಮಣೆ ಹಾಕಬೇಡಿ, ನನ್ನ ಮೊಮ್ಮಕ್ಕಳಿಗೂ ಬೇಡ ಅಂತ. ಕಳಿಸುವ ಮುಂಚೆ ಮಗಳಿಗೆ ಓದಲು ಕೊಟ್ಟೆ. ಒಂದು ಕಡೆ ವ್ಯಾಕರಣ ತಿದ್ದಿದಳು. ಆಮೇಲೆ, "ಕೆಳಗೆ ನನ್ನ ಹೆಸರೂ ಹಾಕು" ಅಂದಳು.