ಎಣ್ಣೆ ಬಿಟ್ಟ ಎಳ್ಳಿನ ಡಬ್ಬಿಗಳು

ನಾನು ಮಾಡಿದ ಮೊದಲ 40 ಕಾಗದದ ಡಬ್ಬಿಗಳು ಒಂದೇ ದಿನದಲ್ಲಿ ಮಾನ ಕಳೆದವು. ಸಂಕ್ರಾಂತಿಯ ಬೆಳಿಗ್ಗೆ ಎಳ್ಳು ತುಂಬಿ ತಟ್ಟೆಯಲ್ಲಿ ಜೋಡಿಸಿದಾಗ ತಿಳಿಗುಲಾಬಿ ಬಣ್ಣದ ಆ ಪುಟಾಣಿಗಳು ಎಷ್ಟು ಮುದ್ದಾಗಿದ್ದವೆಂದರೆ, ಇಂಥದ್ದಕ್ಕೆಲ್ಲ ತಲೆ ಎತ್ತಿಯೂ ನೋಡದ ನಮ್ಮವರು ಮೊಬೈಲ್ ತಂದು ಫೋಟೊ ತೆಗೆದರು. ಸಂಜೆ ಮಗಳು ರೇಷ್ಮೆ ಲಂಗ ಉಟ್ಟು ಎಳ್ಳು ಬೀರಲು ಹೊರಡುವ ಹೊತ್ತಿಗೆ ಪ್ರತಿ ಡಬ್ಬಿಯ ತಳದಲ್ಲೂ ಎಣ್ಣೆಯ ಕಲೆ ಹರಡಿತ್ತು. ಕೊಬ್ಬರಿ, ಕಡಲೆಕಾಯಿ ಬೀಜ, ಎಳ್ಳು, ಮೂರೂ ಎಣ್ಣೆಯ ಪದಾರ್ಥಗಳೇ. ಅವನ್ನು ಹತ್ತಿಯ ಕಾಗದದ ಮೇಲೆ ಇಡೀ ದಿನ ಕೂರಿಸಿದರೆ ಇನ್ನೇನಾದೀತು? ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಬೇಕಾದ ದಿನ ಎದುರು ಮನೆಯ ಅಜ್ಜಿ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ, “ದೀಪಕ್ಕೆ ಎಣ್ಣೆ ಸಾಲದಿದ್ದರೆ ಇದನ್ನೇ ಹಿಂಡಬಹುದು ಕಣೇ” ಎಂದರಂತೆ. ಮಗಳು ಬಂದು ವರದಿ ಒಪ್ಪಿಸಿದಾಗ ನಗು ಬಂತು, ಹೊಟ್ಟೆಯೂ ಉರಿಯಿತು.

ಅದಾಗಿ ಒಂಬತ್ತು ವರ್ಷವಾಯಿತು. ಅಂದಿನಿಂದ ಯಾವ ಡಬ್ಬಿಗೆ ಕೈ ಹಾಕಿದರೂ ಮೊದಲು ಒಳಗೆ ಏನು ಕೂರುತ್ತದೆ ಎಂದು ಕೇಳಿಕೊಳ್ಳುತ್ತೇನೆ. ಹೊರಗಿನ ಚಂದದ ಮಾತು ಆಮೇಲೆ.

ಎಳ್ಳಿಗೆ ನಾನು ಈಗಲೂ ಮಾಡುವುದು ಅಂಟೇ ಬೇಡದ, ಬರೀ ಮಡಿಕೆಯ ಡಬ್ಬಿ. ಜಪಾನಿನವರು ಇದನ್ನು ಮಾಸು ಎನ್ನುತ್ತಾರೆ. ಮಾಸು ಎಂದರೆ ಅಲ್ಲಿ ಅಕ್ಕಿ ಅಳೆಯುವ ಚೌಕದ ಮರದ ಪೆಟ್ಟಿಗೆ, ನಮ್ಮ ಪಾವು, ಸೇರು ಇದ್ದ ಹಾಗೆ. ಚೌಕದ ಹಾಳೆಯ ನಾಲ್ಕು ಮೂಲೆಗಳನ್ನು ನಡುವಿಗೆ ಮಡಚಿ, ಎದುರುಬದಿರಿನ ಅಂಚುಗಳನ್ನು ಮತ್ತೆ ನಡುವಿಗೆ ತಂದು ಬಿಡಿಸಿದರೆ ಗೆರೆಗಳೇ ದಾರಿ ಹೇಳುತ್ತವೆ. ಲೆಕ್ಕ ಸುಲಭ. ಹಾಳೆಯ ಅಗಲದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಡಬ್ಬಿಯ ತಳದ ಅಗಲ, ಅದರ ಅರ್ಧ ಎತ್ತರ. ಎ4 ಹಾಳೆಯಿಂದ 21 ಸೆಂಟಿಮೀಟರಿನ ಚೌಕ ಕತ್ತರಿಸಿದರೆ ಸುಮಾರು ಏಳೂವರೆ ಸೆಂಟಿಮೀಟರ್ ಅಗಲದ ಡಬ್ಬಿ ಸಿಗುತ್ತದೆ. ಅದನ್ನು ಮುಚ್ಚಳಕ್ಕೆ ಇಟ್ಟುಕೊಂಡು, ಕೆಳಗಿನ ಡಬ್ಬಿಗೆ ಅರ್ಧ ಸೆಂಟಿಮೀಟರ್ ಚಿಕ್ಕದಾದ ಚೌಕ ಕತ್ತರಿಸುತ್ತೇನೆ. ಇನ್ನೂ ಚಿಕ್ಕದಾದರೆ ಮುಚ್ಚಳ ಅಲ್ಲಾಡುತ್ತದೆ, ಒಂದೇ ಅಳತೆಯಾದರೆ ಕೂರುವುದೇ ಇಲ್ಲ. ಒಳಗೆ ಬಟರ್ ಪೇಪರಿನ ಚೌಕವೊಂದನ್ನು ಬಟ್ಟಲಿನ ಹಾಗೆ ಒತ್ತಿ ಕೂರಿಸಿ, ಅದರಲ್ಲಿ ಎಳ್ಳು ತುಂಬಿ, ಮೇಲೊಂದು ಸಕ್ಕರೆ ಅಚ್ಚು ಇಟ್ಟು, ಉಳಿದ ಅಂಚನ್ನು ಮೇಲಕ್ಕೆ ಮಡಚುತ್ತೇನೆ. ಎಣ್ಣೆಯ ಕಾಟ ತಪ್ಪಿತು. ಬೆಲ್ಲ ಮಾತ್ರ ತೇವ ಕುಡಿಯುವ ಜಾತಿ. ಅದಕ್ಕೇ ಹಿಂದಿನ ರಾತ್ರಿ ತುಂಬಿಡುವ ಆಸೆ ಬಿಟ್ಟಿದ್ದೇನೆ.

ಕಾಗದದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನನ್ನ ಅರ್ಧ ದುಡ್ಡು ಹಾಳಾದದ್ದು ಇಲ್ಲಿ. ಕೈಕಾಗದ ಎಂದು ಅಂಗಡಿಯಲ್ಲಿ ಸಿಗುವುದರಲ್ಲಿ ಬಹುಪಾಲು ಬನಿಯನ್ ಕಾರ್ಖಾನೆಗಳ ಹತ್ತಿ ಬಟ್ಟೆಯ ಚೂರುಗಳಿಂದ ಆದದ್ದು. ಚೂರನ್ನು ನೀರಿನಲ್ಲಿ ಅರೆದು ಗಂಜಿಯಂತೆ ಮಾಡಿ, ಜರಡಿಯಲ್ಲಿ ಎತ್ತಿ, ಒತ್ತಿ, ಒಣಗಿಸುತ್ತಾರೆ. ಜೈಪುರದ ಬಳಿಯ ಸಾಂಗಾನೇರ್ ಇದಕ್ಕೆ ಹೆಸರಾದ ಊರು. ಪುದುಚೇರಿಯ ಅರವಿಂದಾಶ್ರಮದ ಕಾಗದವೂ ನನಗೆ ಇಷ್ಟ, ಜೇಬಿಗೆ ಮಾತ್ರ ಅಷ್ಟು ಇಷ್ಟವಲ್ಲ. ಜರಡಿಯಲ್ಲಿ ಎತ್ತಿದ ಹಾಳೆಯಲ್ಲಿ ನಾರು ಎಲ್ಲ ದಿಕ್ಕಿಗೂ ಚೆಲ್ಲಾಪಿಲ್ಲಿಯಾಗಿ ಮಲಗಿರುತ್ತದೆ. ಹಾಗಾಗಿ ಅದನ್ನು ಯಾವ ಕಡೆ ಮಡಚಿದರೂ ಹೆಚ್ಚುಕಡಿಮೆ ಒಂದೇ. ಯಂತ್ರದಲ್ಲಿ ತಯಾರಾದ ಹಾಳೆ ಹಾಗಲ್ಲ. ಅದರ ನಾರು ಯಂತ್ರ ಓಡಿದ ದಿಕ್ಕಿಗೆ ಮಲಗಿರುತ್ತದೆ. ಮುದ್ರಣಾಲಯದವರು ಇದಕ್ಕೆ ಗ್ರೇನ್ ಎನ್ನುತ್ತಾರೆ. ನಾರಿನ ಜೊತೆಗೆ ಮಡಚಿದರೆ ನಯವಾದ ಮಡಿಕೆ, ಅಡ್ಡಕ್ಕೆ ಮಡಚಿದರೆ ಬಿರುಕು. ಶುಭಾಶಯದ ಕಾರ್ಡಿಗೆಂದು ತಂದ, ಚದರ ಮೀಟರಿಗೆ 300 ಗ್ರಾಂ ತೂಗುವ, ಅಂದರೆ 300 ಜಿಎಸ್‌ಎಂ ದಪ್ಪ ಹಾಳೆಗಳೆಲ್ಲ ಬೆನ್ನಿನಲ್ಲಿ ಬಿಳಿ ಬಿಳಿಯಾಗಿ ಒಡೆದಾಗ ನಾನು ಅಂಗಡಿಯವರನ್ನು ಬೈದುಕೊಂಡಿದ್ದೆ. ತಪ್ಪು ನನ್ನದು, ಹಾಳೆಯನ್ನು ಅಡ್ಡ ಕತ್ತರಿಸಿದ್ದೆ. ಈಗ ಕತ್ತರಿ ಹಿಡಿಯುವ ಮೊದಲು ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡುತ್ತೇನೆ. ಯಾವ ಕಡೆ ಹಟ ಮಾಡದೆ ಬಾಗುತ್ತದೋ ಅದೇ ನಾರಿನ ಜಾಡು.

ದಪ್ಪ ಹಾಳೆಯನ್ನು ನೇರವಾಗಿ ಮಡಚಬಾರದು, ಮೊದಲು ಗೀರು ಎಳೆಯಬೇಕು. ಇದಕ್ಕೆ ಮೂಳೆಯಿಂದ ಮಾಡಿದ ಸಾಧನ ಸಿಗುತ್ತದೆ. ನನ್ನದು ಶಾಯಿ ಮುಗಿದ ಬಾಲ್‌ಪೆನ್ ರೀಫಿಲ್. ಸ್ಟೀಲ್ ಪಟ್ಟಿ ಇಟ್ಟು ಎರಡು ಸಲ ಒತ್ತಿ ಎಳೆದರೆ ಸಾಕು. ಒಮ್ಮೆ ಶಾಯಿ ಮುಗಿದಿದೆ ಎಂದುಕೊಂಡದ್ದು ಮುಗಿದಿರಲಿಲ್ಲ, ಆ ಕಥೆ ಬೇಡ. ಇನ್ನೊಂದು ಪರೀಕ್ಷೆಯನ್ನೂ ಬಿಡುವುದಿಲ್ಲ. ಹಾಳೆಯ ಮೂಲೆಗೆ ಒಂದು ಹನಿ ನೀರು. ತಕ್ಷಣ ಹೀರಿಕೊಂಡರೆ ಅದರ ಮೇಲೆ ಪೆನ್ನಿನಲ್ಲಿ ಬರೆದ ಹೆಸರು ಒತ್ತುಕಾಗದದ ಮೇಲೆ ಬಿದ್ದಂತೆ ಹರಡುತ್ತದೆ. ಅಂಥ ಹಾಳೆ ಡಬ್ಬಿಗೆ, ಹನಿ ಮುತ್ತಿನಂತೆ ನಿಂತ ಹಾಳೆ ಕಾರ್ಡಿಗೆ.

ರಟ್ಟಿನ ಡಬ್ಬಿಯ ಕೆಲಸ ಬೇರೆಯೇ. ಅದನ್ನು ನಾನು ಕಲಿತದ್ದು ಮೈಸೂರಿನ ಹಳೆಯ ಓಣಿಯೊಂದರಲ್ಲಿ ಲೆಕ್ಕದ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದ ಹಿರಿಯರೊಬ್ಬರನ್ನು ನೋಡಿ. ಅವರು ಕಲಿಸಲಿಲ್ಲ, ನಾನು ಅಲ್ಲಿ ನಿಲ್ಲುವುದನ್ನು ಸಹಿಸಿಕೊಂಡರು, ಅಷ್ಟೇ. ಅವರ ಬಳಿ ಇದ್ದದ್ದು ಮೈದಾ ಅಂಟಿನ ಬಕೆಟ್ಟು ಮತ್ತು ಅರ್ಧ ಸವೆದ ಬ್ರಷ್ಷು. ಮೈದಾಕ್ಕೆ ಐದು ಪಾಲು ನೀರು, ಗಂಟಿಲ್ಲದಂತೆ ಕಲಸಿ ಸಣ್ಣ ಉರಿಯಲ್ಲಿ ತಿರುವುತ್ತಲೇ ಇರಬೇಕು. ಹಾಲಿನಂತಿದ್ದದ್ದು ಗಾಜಿನ ಹಾಗೆ ತಿಳಿಯಾದಾಗ ಇಳಿಸಬೇಕು. ಹುಳ ಬಾರದಿರಲಿ ಎಂದು ಅವರು ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ತಿನ್ನುವ ಪದಾರ್ಥ ಇಡುವ ಡಬ್ಬಿಯ ಹತ್ತಿರ ಸುಳಿಯಕೂಡದು. ನಾನು ಹಾಕುವುದಿಲ್ಲ. ಬೇಕಾದಷ್ಟೇ ಅಂಟು ಮಾಡಿ ಎರಡು ದಿನದಲ್ಲಿ ಮುಗಿಸುತ್ತೇನೆ, ಹುಳಿ ವಾಸನೆ ಬಂದರೆ ಚೆಲ್ಲುತ್ತೇನೆ. ಬರೀ ಫೆವಿಕಾಲ್ ಬಳಸಿದರೆ ಬೇಗ ಹಿಡಿಯುತ್ತದೆ, ನಿಜ. ಆದರೆ ದೊಡ್ಡ ಹಾಳೆಯನ್ನು ರಟ್ಟಿನ ಮೇಲೆ ಹೊಂದಿಸಿ, ಜರುಗಿಸಿ, ಗುಳ್ಳೆ ತೆಗೆಯಲು ಪುರುಸೊತ್ತು ಕೊಡುವುದಿಲ್ಲ. ಮೈದಾ ಅಂಟಿಗೆ ಅದನ್ನು ನಾಲ್ಕನೇ ಒಂದು ಪಾಲು ಸೇರಿಸುವುದು ನನ್ನ ರಾಜಿ ಸೂತ್ರ.

ರಟ್ಟಿನ ಒಂದೇ ಮುಖಕ್ಕೆ ಕಾಗದ ಅಂಟಿಸಿದರೆ ಅದು ಒಣಗುತ್ತ ಎಳೆದು ರಟ್ಟನ್ನು ಹಪ್ಪಳದ ಹಾಗೆ ಬಾಗಿಸುತ್ತದೆ. ಇನ್ನೊಂದು ಮುಖಕ್ಕೂ ಅಂಥದೇ ಕಾಗದ ಅಂಟಿಸಬೇಕು, ಆಗ ಎರಡು ಕಡೆಯ ಎಳೆತ ಸಮವಾಗುತ್ತದೆ. ಆಮೇಲೆ ಕಲ್ಲುಚಪ್ಪಡಿಯ ಕೆಳಗೆ ರಾತ್ರಿಯಿಡೀ ಇಡಬೇಕು. ನಮ್ಮ ಮನೆಯಲ್ಲಿ ಚಪ್ಪಡಿಯ ಮೇಲೆ ರಾಗಿಹಿಟ್ಟಿನ ಡಬ್ಬವೂ ಕೂರುತ್ತದೆ. ಬೆಳಿಗ್ಗೆ ಮುದ್ದೆಗೆ ಹಿಟ್ಟು ಬೇಕಾದಾಗ ಅತ್ತೆಗೂ ನನಗೂ ಸಣ್ಣ ಮಾತುಕತೆ.

ನಿಜವಾದ ಪರೀಕ್ಷೆ ಇರುವುದು ಮುಚ್ಚಳದಲ್ಲಿ. 2 ಮಿಲಿಮೀಟರ್ ದಪ್ಪದ ರಟ್ಟಿನಲ್ಲಿ ಒಳಗೆ 10 ಸೆಂಟಿಮೀಟರ್ ಬರುವಂತೆ ಡಬ್ಬಿ ಕಟ್ಟಿದರೆ ಹೊರ ಅಳತೆ 10.4. ನಾನು ಜಾಣೆಯ ಹಾಗೆ ಮುಚ್ಚಳದ ಒಳ ಅಳತೆಯನ್ನು 10.5 ಇಟ್ಟೆ. ಬರೀ ರಟ್ಟಿನಲ್ಲಿ ಸೊಗಸಾಗಿ ಕೂತಿತು. ಡಬ್ಬಿಗೆ ಹೊರಗಡೆ ಕಾಗದ, ಮುಚ್ಚಳಕ್ಕೆ ಒಳಗಡೆ ಕಾಗದ ಅಂಟಿಸಿ ಒಣಗಿಸಿದ ಮೇಲೆ ಮುಚ್ಚಳ ಅರ್ಧಕ್ಕೆ ಸಿಕ್ಕಿಹಾಕಿಕೊಂಡಿತು. ಕೀಳಲು ಹೋಗಿ ಮೂಲೆ ಹರಿಯಿತು. ಕಾಗದಕ್ಕೂ ದಪ್ಪವಿದೆ, ಅದು ನಾಲ್ಕು ಸಲ ಲೆಕ್ಕಕ್ಕೆ ಬರುತ್ತದೆ ಎಂಬುದು ಹೊಳೆದಿರಲಿಲ್ಲ. ಈಗ 10.7 ಇಡುತ್ತೇನೆ. ಮುಚ್ಚಳವನ್ನು ಮೇಲಿಟ್ಟು ಕೈಬಿಟ್ಟರೆ ಒಳಗಿನ ಗಾಳಿಯನ್ನು ಉಸ್ಸೆಂದು ಹೊರದೂಡುತ್ತ ತಾನಾಗಿ ಕೆಳಗಿಳಿಯಬೇಕು. ಆ ಸದ್ದು ಕೇಳಿದ ದಿನ ನನಗೆ ಊಟ ರುಚಿಸುತ್ತದೆ. ಹಾಗೆ ಇಳಿದ ಮೊದಲ ಡಬ್ಬಿ ಈಗ ಎದುರು ಮನೆಯ ಅಜ್ಜಿಯ ದೇವರ ಗೂಡಿನಲ್ಲಿದೆ, ಹೂಬತ್ತಿ ಇಡಲು. ಹೊಗಳಲಿಲ್ಲ, ಇನ್ನೊಂದು ಬೇಕು ಎಂದರು.

ಅಲಂಕಾರದ ವಿಷಯದಲ್ಲಿ ನನಗೆ ಪೂರ್ವಗ್ರಹಗಳಿವೆ. ಮಿನುಗುಪುಡಿ ಎಂದರೆ ಆಗದು, ಒಮ್ಮೆ ಮನೆಗೆ ಬಂದರೆ ಮುಂದಿನ ಯುಗಾದಿಯ ಹೋಳಿಗೆಯಲ್ಲೂ ಸಿಗುತ್ತದೆ. ಅಂಗಡಿಯ ಅಂಟುಚಿತ್ರಗಳೂ ಬೇಡ. ನನ್ನ ಕೈಗೆ ಒಗ್ಗಿದ್ದು ಚುಕ್ಕಿ. ಕಾರ್ಡನ್ನು ಬೋರಲು ಹಾಕಿ, ಕೆಳಗೆ ಮಡಚಿದ ಕಂಬಳಿ ಇಟ್ಟು, ಮೇಲೆ ಗ್ರಾಫ್ ಹಾಳೆ ಇರಿಸಿ ದಪ್ಪ ಸೂಜಿಯಿಂದ ರಂಗೋಲಿಯ ಚುಕ್ಕಿಗಳನ್ನು ಚುಚ್ಚುತ್ತೇನೆ. 7ರಿಂದ 4ಕ್ಕೆ ಇಳಿಯುವ ಸಂದು ಚುಕ್ಕಿಯಾದರೆ ಒಟ್ಟು 37. ತಿರುಗಿಸಿದರೆ ಮುಖದ ಮೇಲೆ ಸಣ್ಣ ಉಬ್ಬುಗಳು. ಬಣ್ಣವಿಲ್ಲ, ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಕಾಣುತ್ತದೆ, ಬೆರಳಿಗೆ ಮಾತ್ರ ಯಾವಾಗಲೂ ತಿಳಿಯುತ್ತದೆ. ಕೆಲವಕ್ಕೆ ಜರಿ ಎಳೆಯಿಂದ ಚುಕ್ಕಿ ಸುತ್ತಿ ಬಳ್ಳಿ ಹೊಲಿಯುತ್ತೇನೆ. ಚುಕ್ಕಿಗಳ ನಡುವೆ ಕನಿಷ್ಠ ಅರ್ಧ ಸೆಂಟಿಮೀಟರ್ ಬಿಡದಿದ್ದರೆ ಅಂಚೆಚೀಟಿಯ ಅಂಚಿನಂತೆ ಹರಿದು ಕೈಗೆ ಬರುತ್ತದೆ.

ಬಣ್ಣ ಬೇಕೆನಿಸಿ ಒಂದು ಬೇಸಿಗೆಯಲ್ಲಿ ಅರಿಶಿನ ಹಿಡಿದೆ. ಲಗ್ನಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚುವ ನಮಗೆ ಅದಕ್ಕಿಂತ ಮಂಗಳಕರ ಬಣ್ಣ ಯಾವುದು? ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಹಾಳೆಯ ಮೇಲೆ ಕಡ್ಡಿಯಿಂದ ಸುಣ್ಣದ ತಿಳಿನೀರು ಎಳೆದರೆ ಕಣ್ಣೆದುರೇ ಗೆರೆ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದೂ ಇದೇ ಗುಟ್ಟಿನಿಂದ. ಹಿಗ್ಗಿ ಹೀರೇಕಾಯಿಯಾಗಿ ಹತ್ತಿರದ ನೆಂಟರ ಮದುವೆಗೆ ಉಡುಗೊರೆಯ ಲಕೋಟೆ ಮಾಡಿದೆ. ಪಾತ್ರೆ ತೊಳೆದ ಕೈಯನ್ನು ಸರಿಯಾಗಿ ಒರೆಸಿಕೊಳ್ಳದೆ ಅದನ್ನು ಎತ್ತಿಕೊಂಡದ್ದೇ ತಪ್ಪಾಯಿತು. ಸೋಪಿನ ತೇವ ತಗುಲಿ ಲಕೋಟೆಯ ನಟ್ಟನಡುವೆ ನನ್ನ ಹೆಬ್ಬೆರಳಿನ ಗುರುತು ರಕ್ತವರ್ಣದಲ್ಲಿ ಮೂಡಿತು. ನಿಂಬೆರಸ ಸವರಿದರೆ ಮತ್ತೆ ಹಳದಿಯಾಗುತ್ತದೆ, ಆದರೆ ಸವರಿದ ಜಾಗ ಬೇರೆಯೇ ಕಾಣುತ್ತದೆ. ಉಳಿದ ಹಾಳೆಗಳನ್ನು ಕಿಟಕಿಯ ಬಳಿ ಇಟ್ಟಿದ್ದೆ, ಬಿಸಿಲಿಗೆ ಮೂರು ವಾರದಲ್ಲಿ ಬಿಳಿಚಿಕೊಂಡವು. ಈಗ ಅರಿಶಿನ ಹಳೆಯ ಪದ್ಧತಿಯಂತೆ ನಾಲ್ಕು ಮೂಲೆಗಷ್ಟೇ.

ಸದ್ಯಕ್ಕೆ ತಲೆಗೆ ಹತ್ತಿರುವ ಹುಚ್ಚು ಕಡತ. ಕಚೇರಿಯ ಫೈಲಿಗೆ ನಾವು ಈಗ ಹೇಳುವ ಈ ಮಾತು ಹಿಂದೆ ಬೇರೆಯದೇ ವಸ್ತುವಿನ ಹೆಸರಾಗಿತ್ತು. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು ಕಪ್ಪಾಗಿಸಿ, ಹಿಂದೆ ಮುಂದೆ ಮಡಿಕೆ ಹಾಕಿ, ಬಳಪದಿಂದ ಬಿಳಿ ಅಕ್ಷರ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಬಹುದಿತ್ತು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧ. ಚಿತ್ರದಲ್ಲಿ ಅವನ್ನು ನೋಡಿದಾಗ, ಎಳೆದರೆ ಬಿಚ್ಚಿಕೊಳ್ಳುವ ಶುಭಾಶಯ ಪತ್ರ ಇದಕ್ಕಿಂತ ಇನ್ನೇನು ಬೇಕು ಎನಿಸಿತು. ಹುಣಸೆ ಬೀಜ ಹುರಿದು, ನೆನೆಸಿ, ಸಿಪ್ಪೆ ಸುಲಿದು, ರುಬ್ಬಿ ಕುದಿಸಿದೆ. ಕಿನ್ನಾಳದ ಗೊಂಬೆ ಮಾಡುವವರು ಇದನ್ನೇ ಬಳಸುತ್ತಾರೆ, ಅಷ್ಟು ಗಟ್ಟಿಯಾದ ಅಂಟು. ನಾನು ಹುರುಪಿನಲ್ಲಿ ದೋಸೆ ಹಿಟ್ಟಿನಷ್ಟು ದಪ್ಪಕ್ಕೆ ಬಳಿದೆ. ಒಣಗಿದ ಮೇಲೆ ಮಡಚಿದರೆ ಕೆರೆಯ ಮಣ್ಣಿನ ಹಾಗೆ ಬಿರಿಯಿತು. ಎರಡನೆಯ ಸಲ ಮಜ್ಜಿಗೆಯಷ್ಟು ತೆಳ್ಳಗೆ ಮಾಡಿ ನಾಲ್ಕು ಬಾರಿ ಬಳಿದೆ, ಪ್ರತಿ ಬಾರಿಯೂ ಪೂರ್ತಿ ಒಣಗಿಸಿ ಬಟ್ಟಲಿನ ತಳದಿಂದ ಉಜ್ಜಿದೆ. ಈ ಸಲ ಮಡಿಕೆ ನಿಂತಿತು. ಬಳಪದ ಅಕ್ಷರ ಹಲಗೆಯ ಮೇಲೆ ಬರೆದಷ್ಟು ಬೆಳ್ಳಗೆ ಕಂಡಿತು. ತಂಗಿಯ ಗೃಹಪ್ರವೇಶಕ್ಕೆ ಅದನ್ನೇ ಕೊಟ್ಟೆ. ಓದಿದವರ ಕೈಯೆಲ್ಲ ಮಸಿಯಾಯಿತು, ತಂಗಿಯ ಹೊಸ ಗೋಡೆಗೂ ಒಂದಿಷ್ಟು ತಾಗಿತು.

ಇದ್ದಿಲನ್ನು ವಸ್ತ್ರಗಾಳಿಸಿ ಇನ್ನೂ ನುಣ್ಣಗೆ ಮಾಡಬೇಕೋ, ಅಂಟಿನ ಪಾಲು ಹೆಚ್ಚಿಸಬೇಕೋ ನೋಡಬೇಕು. ತಾರಸಿಯ ಮೇಲೆ ಎರಡು ಸೇರು ಹುಣಸೆ ಬೀಜ ಒಣಗುತ್ತಿದೆ. ಹಳೆಯ ಬಿಳಿ ಪಂಚೆಯೊಂದನ್ನು ನಮ್ಮವರಿಗೆ ಹೇಳದೆ ಎತ್ತಿಟ್ಟುಕೊಂಡಿದ್ದೇನೆ.