ಹೂವು ಕೈಕೊಟ್ಟಿತು, ಹೊಂಗೆ ಕೈ ಹಿಡಿಯಿತು

ಕಬ್ಬನ್ ಉದ್ಯಾನದ ಕೆಂಪು ಗ್ರಂಥಾಲಯದ ವಸಂತಕಾಲದ ಫೋಟೋವನ್ನು ಗೋಡೆಗೆ ಹಾಕುವ ಅಳತೆಯಲ್ಲಿ ಮುದ್ರಿಸಿ ಮಾರುತ್ತೇನೆಂದು ಹೊರಟು ಮೂರು ವಸಂತಗಳನ್ನೂ ಸುಮಾರು ಇಪ್ಪತ್ತೆರಡು ಸಾವಿರ ರೂಪಾಯಿಯನ್ನೂ ಕಳೆದುಕೊಂಡೆ. ನಾಲ್ಕನೆಯ ವಸಂತದಲ್ಲಿ ಗೆದ್ದೆ.

ಫೆಬ್ರುವರಿ ಕೊನೆಗೆ ಗುಲಾಬಿ ಬಣ್ಣದ ಹೂಬಿಡುವ ಟಬೆಬುಯಾ ಮರ ಅರಳಿದರೆ ಸಾಕು, ನಾವೆಲ್ಲ ಕ್ಯಾಮೆರಾ ಹೊತ್ತು ಓಡುತ್ತೇವೆ. ಪರದೆಯ ಮೇಲೆ ಚೆಂದವೇ. ಮೂರಡಿ ಕ್ಯಾನ್ವಾಸಿಗೆ ಇಳಿದಾಗ ಮಾತ್ರ ಗುಲಾಬಿ ಬಣ್ಣ ಕೆಂಪು ಗೋಡೆಯೊಳಗೆ ಕರಗಿ, ಯಾರೋ ಕುಂಕುಮದ ನೀರು ಎರಚಿದಂತೆ ಕಂಡಿತು. ಮಾಡಿಸಿದ್ದು ಎಂಟು ಪ್ರತಿ. ಹೋದದ್ದು ಒಂದು, ಅದೂ ನನ್ನ ಭಾವನ ಮನೆಗೆ. ಮರುವರ್ಷ ಎಳೆಬಿಸಿಲನ್ನು ನಂಬಿದೆ. ಎಲೆಗಳ ಸಂದಿನಿಂದ ಬಿದ್ದ ಬೆಳಕು ಗೋಡೆಯ ತುಂಬ ಚುಕ್ಕೆ ಇಟ್ಟಿತ್ತು. ಕಂಬ ಯಾವುದು, ನೆರಳು ಯಾವುದು ಎಂದು ನನಗೇ ತಿಳಿಯಲಿಲ್ಲ. ಮೂರನೆಯ ವರ್ಷ ಹಳೆಯ ಕ್ಯಾಮೆರಾ ಒಂದನ್ನು ಇನ್‌ಫ್ರಾರೆಡ್‌ಗೆ, ಅಂದರೆ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಡಿಯುವಂತೆ, ಮಾರ್ಪಡಿಸಿದೆ. ಎಲೆಗಳೆಲ್ಲ ಬೆಳ್ಳಗಾಗಿ ಬೆಂಗಳೂರಿನಲ್ಲಿ ಹಿಮ ಬಿದ್ದಂತಿತ್ತು. ಯಾರೂ ಕೊಳ್ಳಲಿಲ್ಲ. ನನಗೆ ಈಗಲೂ ಇಷ್ಟ.

ಯುಗಾದಿಯ ಆಸುಪಾಸಿನಲ್ಲಿ ಹೊಂಗೆ ಚಿಗುರುತ್ತದಲ್ಲ, ಆ ಹಸಿರನ್ನು ಹಿಡಿಯುತ್ತೇನೆ ಎಂದಾಗ ಗೆಳೆಯನೊಬ್ಬ ನಕ್ಕ: "ಹೂವಿಲ್ಲದ ವಸಂತವನ್ನು ದುಡ್ಡು ಕೊಟ್ಟು ಯಾರಪ್ಪ ಮನೆಗೆ ಒಯ್ಯುತ್ತಾರೆ?" ಆದರೆ ಕೆಂಪಿನ ಎದುರು ನಿಲ್ಲುವುದು ಹಸಿರೇ. ಎಳೆಯ ಹೊಂಗೆ ಎಲೆಗೆ ಎಣ್ಣೆ ಸವರಿದಂಥ ಹೊಳಪಿದೆ, ಅದು ಎಂಟು ಹತ್ತು ದಿನದ ಬಾಳು, ಬಲಿತರೆ ಮುಗಿಯಿತು. ಹಿಂದಿನ ಸಂಜೆ ಮಳೆ ಹನಿಸಿ ಮರುದಿನ ಮೋಡ ಕವಿದಿರಬೇಕು. ಭಾನುವಾರವಾದರೆ ಉದ್ಯಾನದೊಳಗೆ ವಾಹನಗಳ ಕಾಟವೂ ಇಲ್ಲ.

ಅಗಲ ನೋಟದ (ವೈಡ್) ಲೆನ್ಸ್ ಬಿಟ್ಟೆ. ಹತ್ತಿರ ನಿಂತು ಕ್ಯಾಮೆರಾ ಮೇಲೆತ್ತಿದರೆ ಕಂಬಗಳು ಹಿಂದಕ್ಕೆ ವಾಲುತ್ತವೆ, ತಂತ್ರಾಂಶದಲ್ಲಿ ನೆಟ್ಟಗೆ ಮಾಡಿದರೆ ಅಂಚು ಹಿಂಜಿಹೋಗುತ್ತದೆ. ದೂರ ಸರಿದು ದೂರದ್ದನ್ನು ಹತ್ತಿರ ತರುವ 85 ಮಿ.ಮೀ. ಲೆನ್ಸಿನಲ್ಲಿ ಐದು ಲಂಬ ಚಿತ್ರ ತೆಗೆದು ತಂತ್ರಾಂಶದಲ್ಲಿ ಒಂದೇ ಚಿತ್ರವಾಗಿ ಹೊಲಿದೆ. ಸುಮಾರು ಹದಿಮೂರು ಸಾವಿರ ಪಿಕ್ಸೆಲ್ ಅಗಲ, ನಾಲ್ಕಡಿ ಮುದ್ರಣಕ್ಕೆ ಧಾರಾಳ. ಬಿಳಿಚಿದ ಆಕಾಶವನ್ನು ಚೌಕಟ್ಟಿನಿಂದಲೇ ಹೊರಗಿಟ್ಟೆ. ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮಿನಲ್ಲಿ ಬರೀ ಕೆಂಪು ಬಣ್ಣದ ಗೆರೆ ನೋಡಿ ಬೆಳಕನ್ನು ಮುಕ್ಕಾಲು ಸ್ಟಾಪ್ (ಕ್ಯಾಮೆರಾದ ಬೆಳಕಿನ ಅಳತೆ) ಇಳಿಸಿದೆ. ಹೊಳಪು ತಗ್ಗಿಸುವ ಫಿಲ್ಟರ್ ಆದ ಪೋಲರೈಸರನ್ನು ಅರ್ಧವಷ್ಟೇ ತಿರುಗಿಸಿದೆ; ಪೂರ್ತಿ ತಿರುಗಿಸಿದರೆ ಎಲೆಯ ಹೊಳಪೇ ಸತ್ತುಹೋಗುತ್ತದೆ. ನಿಂತ ಜಾಗ, ಮುದ್ರಣಕ್ಕೆ ಮುಂಚೆ ಆ ಕೆಂಪಿಗೆ ಮಾಡುವ ತಿದ್ದುಪಡಿ, ಇವೆರಡನ್ನು ಕೇಳಬೇಡಿ.

ಕ್ಯಾನ್ವಾಸ್ ಕೈಬಿಟ್ಟು ಹತ್ತಿಯ ಮ್ಯಾಟ್ (ಹೊಳಪಿಲ್ಲದ) ಕಾಗದಕ್ಕೆ ಬಂದೆ. ಚೌಕಟ್ಟು ಸೇರಿ ಒಂದಕ್ಕೆ ಮೂರು ಸಾವಿರದ ಎಂಟುನೂರರಷ್ಟು ಬೀಳುತ್ತದೆ, ಏಳೂವರೆ ಸಾವಿರಕ್ಕೆ ಕೊಡುತ್ತೇನೆ. ಮೊದಮೊದಲು ನೋಡಿದವರೆಲ್ಲ "ಇದು ಹೈಕೋರ್ಟಾ?" ಎಂದು ಕೇಳುತ್ತಿದ್ದರು, ಅದೂ ಪಕ್ಕದಲ್ಲೇ ಇದೆ, ಅದೂ ಕೆಂಪು. ಈಗ ಕೆಳಗಿನ ಅಂಚಿನಲ್ಲಿ ಪೆನ್ಸಿಲಿನಿಂದ ಗ್ರಂಥಾಲಯದ ಕಟ್ಟಡದ ಹೆಸರನ್ನೇ, "ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, 1915" ಎಂದು ಬರೆಯುತ್ತೇನೆ. ಮೈಸೂರಿನ ದಿವಾನರಾಗಿದ್ದವರ ಹೆಸರು ಕಂಡ ಮೇಲೆ ಚೌಕಾಸಿಯೂ ತುಸು ಕಡಿಮೆಯಾಗಿದೆ.

ಇದುವರೆಗೆ ಹನ್ನೊಂದು ಹೋಗಿವೆ. ಹಳೆಯ ನಷ್ಟ ತೀರಿತು, ಇನ್‌ಫ್ರಾರೆಡ್ ಕ್ಯಾಮೆರಾದ ಖರ್ಚೊಂದನ್ನು ಬಿಟ್ಟು.