ನುಡಿಸೋದೂ ನಾನೇ, ಮಾಡೋದೂ ನಾನೇ

ಕಛೇರಿಯಲ್ಲಿ ಕೊಳಲು ನುಡಿಸುತ್ತೇನೆ. ಕರೆದರೆ ಮೃದಂಗಕ್ಕೂ ಕೂರುತ್ತೇನೆ. ಮನೆಯಲ್ಲಿ ವೀಣೆ. ಜೊತೆಗೆ ವಾದ್ಯ ಮಾಡುವುದು, ರಿಪೇರಿ. ಕಛೇರಿಗಳು ಸೀಸನ್ ಇದ್ದಾಗ ಬರುತ್ತವೆ, ವರ್ಷವಿಡೀ ಕೈ ಹಿಡಿಯುವುದು ರಿಪೇರಿಯೇ.

ಕೊಳಲಿಗೆ ಬಲಿತ, ತೆಳುವಾದ, ಗಿಣ್ಣುಗಳ ನಡುವೆ ಉದ್ದ ಇರುವ ಬಿದಿರು ಬೇಕು. ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸಬೇಕು, ಅವಸರ ಮಾಡಿದರೆ ಸೀಳುತ್ತದೆ. ಮೊದಲು ಊದುವ ತೂತು ಮಾತ್ರ. ಊದುತ್ತಾ, ತುದಿಯನ್ನು ಚೂರುಚೂರೇ ಕತ್ತರಿಸುತ್ತಾ ಬೇಕಾದ ಸ್ವರಕ್ಕೆ ತರುತ್ತೇನೆ. ಕತ್ತರಿಸಿದಷ್ಟೂ ಸ್ವರ ಏರುತ್ತದೆ, ಮತ್ತೆ ಇಳಿಸೋಕಾಗಲ್ಲ. ಆಮೇಲೆ ಕಾದ ಕಬ್ಬಿಣದ ಸರಳಿನಿಂದ ಎಂಟು ತೂತು. ಬೇಕಾದ್ದಕ್ಕಿಂತ ಚಿಕ್ಕದಾಗಿ ಸುಟ್ಟು, ನುಡಿಸಿ ನೋಡುತ್ತಾ ಅಗಲ ಮಾಡುತ್ತೇನೆ. ತಣ್ಣಗಿರುವ ಕೊಳಲು ಶ್ರುತಿ ತಗ್ಗಿ ಕೇಳುತ್ತದೆ. ಊದಿ ಬೆಚ್ಚಗಾದ ಮೇಲೆಯೇ ಅರ ಹಿಡಿಯುವುದು.

ಫೋನಿನಲ್ಲಿ ಶ್ರುತಿ ತೋರಿಸುವ ಟ್ಯೂನರ್ ಆಪ್ ಷಡ್ಜ (ಸ), ಪಂಚಮಕ್ಕೆ (ಪ) ಸಾಕು. ಅಂತರ ಗಾಂಧಾರಕ್ಕೆ (ಮೇಲಿನ ಗ) ಮಾತ್ರ ನಾನು ನಂಬುವುದು ತಂಬೂರಿಯನ್ನೇ. ಆಪ್‌ನ ಗಾಂಧಾರ ಷಡ್ಜದಿಂದ 400 ಸೆಂಟ್ (ಸ್ವರಗಳ ನಡುವಿನ ದೂರದ ಅಳತೆ) ಮೇಲೆ. ತಂಬೂರಿಯ ಷಡ್ಜದ ತಂತಿಯೊಳಗೇ ಕೇಳಿಸುವ ಗಾಂಧಾರ ಸುಮಾರು 386. ಶ್ರುತಿ ಹಾಕಿಕೊಂಡು ನುಡಿಸಿದರೆ ಆ ವ್ಯತ್ಯಾಸ ಕಿವಿಗೆ ಚುಚ್ಚುತ್ತದೆ. ಇನ್ನೊಂದು ವಿಷಯ ತೂತಿನ ಅಂಚು. ಸ್ವರವನ್ನು ತೂಗಿಸುವ ಗಮಕಕ್ಕೆ ಬೆರಳು ಅರ್ಧ ಎದ್ದು, ಜಾರಿ, ಮತ್ತೆ ಮುಚ್ಚಬೇಕಲ್ವಾ? ಅಂಚು ಒರಟಾಗಿದ್ದರೆ ಬೆರಳು ತಡೆಯುತ್ತದೆ. ನುಡಿಸದೆ ಸುಮ್ನೆ ಅಳತೆ ಹಿಡಿದು ಮಾಡುವವರಿಗೆ ಇದು ಗೊತ್ತಾಗುವುದೇ ಇಲ್ಲ.

ಮೃದಂಗದಲ್ಲಿ ಎಡಕ್ಕೆ ರವೆ ಹಚ್ಚುವುದು, ಬಾರು ಬಿಗಿಯುವುದು ಇಷ್ಟೇ ನನ್ನ ಪಾಲು. ಬಲಗಡೆಯ ಕರಣೆ, ಅಂದರೆ ನಡುವಿನ ಕಪ್ಪು ಲೇಪ, ಕಸುಬಿನವರ ಕೆಲಸ. ಕಲ್ಲಿನ ಪುಡಿಗೆ ಅನ್ನ ಕಲಸಿ ಪದರ ಪದರವಾಗಿ ಉಜ್ಜುತ್ತಾರೆ. ಆ ತೂಕ ಇರುವುದರಿಂದಲೇ ಚರ್ಮದಿಂದ ಸ್ವರ ಹೊರಡುತ್ತದೆ. ಸಿ.ವಿ. ರಾಮನ್ 1934ರಲ್ಲೇ ಈ ಬಗ್ಗೆ ಬರೆದಿದ್ದಾರೆ.

ವೀಣೆಯಲ್ಲಿ ತಂತಿ ಒತ್ತುವ 24 ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಕುದುರೆಯ (ತಂತಿಗಳನ್ನು ಹೊತ್ತ ಸೇತುವೆ) ಹತ್ತಿರದವು ಕೂದಲೆಳೆ ಸರಿದರೂ ಸ್ವರ ಕೆಡುತ್ತದೆ. ಆದರೂ ಮೇಣ ಕಾಯಿಸಿ ಮತ್ತೆ ಕೂರಿಸಬಹುದು. ಕಿವಿ ಪಳಗಿಸಿಕೊಳ್ಳಲು ಬಂದವರಿಗೆ ಮೊದಲು ವೀಣೆ ಕೊಡುವುದು ಅದಕ್ಕೇ. ಬಿದಿರಿನಲ್ಲಿ ತೂತು ದೊಡ್ಡದಾಯಿತೆಂದರೆ ಮುಗಿಯಿತು.

ಕೊಳಲು ಕೊಳ್ಳುವವರು ಎದುರು ಕೂತು ಊದಿದ ಮೇಲೆಯೇ ನನ್ನ ಕೊನೆಯ ಅರ. ತುಟಿಯಿಂದ ತೂತನ್ನು ಜಾಸ್ತಿ ಮುಚ್ಚಿ ಊದುವವರ ಕೈಯಲ್ಲಿ ಅದೇ ಕೊಳಲು ತಗ್ಗುತ್ತದೆ. ಅಂಚೆಯಲ್ಲಿ ಕಳಿಸಿ ಅನ್ನುವವರಿಂದ ಅವರು ಊದಿದ ರೆಕಾರ್ಡಿಂಗ್ ತರಿಸಿಕೊಳ್ಳುತ್ತೇನೆ. ಅದನ್ನು ಕಳಿಸದವರು ಆಮೇಲೆ ಶ್ರುತಿ ಸರಿಯಿಲ್ಲ ಅಂದರೆ ನಾನು ಒಪ್ಪುವುದಿಲ್ಲ.